ಸೂಲಗಿತ್ತಿ ನರಸಮ್ಮನವರ ಕಾಯಕ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವಗಳಲ್ಲಿ ಪುರಾತನರ ಚರಿತ್ರೆಯನ್ನು ಶ್ರವಣಮಾಡಿಸುವುದು ಪೂರ್ವದಿಂದ ನಡೆದುಬಂದ ಸಂಪ್ರದಾಯ. ಇಂದಿನ ಉಪನ್ಯಾಸಕ್ಕೆ ವಿಷಯವಾಗಿರುವವರಾದರೋ ಪುರಾತನರಲ್ಲ. ಪ್ರಮಥರ ಪಟ್ಟಿಯಲ್ಲಿ ಹೆಸರು ಸೇರಿದವರೂ ಅಲ್ಲ. ನಮ್ಮ ಕಾಲದಲ್ಲಿಯೇ ಬಾಳಿ, 2018ನೆಯ ಇಸವಿ ಡಿಸೆಂಬರ್ 25ರಂದು ಕೆಂಗೇರಿಯ ಬಿ.ಜಿ.ಎಸ್. ಆಸ್ಪತ್ರೆಯಲ್ಲಿ, 98 ವರ್ಷದ ವಯಸ್ಸಿನಲ್ಲಿ, ದೇಹವನ್ನು ಬಿಟ್ಟ ಒಬ್ಬ ಅಜ್ಜಿ. ಅವರಿಗೆ ಅಕ್ಷರ ಬಾರದು. ಶಾಲೆಯಲ್ಲಿ ಕುಳಿತು ಕಲಿತವರಲ್ಲ. ಮನೆಯ ಮಾತು ತೆಲುಗು. ಹೆಸರು ನರಸಮ್ಮ, ನಾಡು ಕರೆದ ಹೆಸರು ಸೂಲಗಿತ್ತಿ ನರಸಮ್ಮ.

ಶ್ವಾಸಕೋಶದ ದೀರ್ಘವ್ಯಾಧಿಯಿಂದ ಅವರು ಕಾಲವಾದರೆಂದು ವೈದ್ಯರು ತಿಳಿಸಿದರು. ಹದಿನೈದು ಸಾವಿರಕ್ಕೂ ಮೇಲ್ಪಟ್ಟ ಶಿಶುಗಳ ಮೊದಲ ಉಸಿರಿಗೆ ಕೈಕೊಟ್ಟು ನೆರವಾದ ತಾಯಿಯು ತಮ್ಮ ಕಡೆಯ ದಿನಗಳಲ್ಲಿ ಉಸಿರಿಗಾಗಿ ಯಂತ್ರದ ಆಸರೆಯನ್ನು ಹಿಡಿಯಬೇಕಾಯಿತು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ವಿಚಾರಮಾಡುವುದೇ ಈ ಹೊತ್ತಿನ ಉದ್ದೇಶ.

ಈ ವಿಷಯವು ಈ ಸ್ಥಳಕ್ಕೆ ಹೊರಗಿನದಲ್ಲ. ಪೀಣ್ಯ, ದಾಸರಹಳ್ಳಿ ಪ್ರಾಂತದ ಕಾರ್ಖಾನೆಗಳಲ್ಲಿ ದುಡಿಯುವ ಭಕ್ತರಲ್ಲಿ ತುಮಕೂರು ಸೀಮೆಯಿಂದ, ಅದರಲ್ಲಿಯೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ಬಂದವರು ಬಹುಮಂದಿ. ಅವರಲ್ಲಿ ವಯಸ್ಸಾದವರ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ್ದು ಬಹುಮಟ್ಟಿಗೆ ಊರ ಸೂಲಗಿತ್ತಿಯ ಕೈಯೇ ಹೊರತು ದವಾಖಾನೆಯ ಕತ್ತರಿಯಲ್ಲ. ಹುಟ್ಟಿದ ತಾರೀಖನ್ನು ಕೇಳಿದರೆ ಜೂನ್ ತಿಂಗಳ ಮೊದಲನೆಯ ದಿನವೆಂದು ಶಾಲೆಯ ಮೇಷ್ಟ್ರು ಬರೆದುಕೊಟ್ಟದ್ದನ್ನು ಹೇಳುವ ಹಿರಿಯರು ಪ್ರತಿಯೊಂದು ಕಾರ್ಖಾನೆಯಲ್ಲಿಯೂ ಇದ್ದಾರೆ. ನಿಜವಾದ ದಿನವನ್ನು ಬಲ್ಲವಳು ಆ ರಾತ್ರಿ ದೀಪದ ಬೆಳಕಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳೇ.

ನರಸಮ್ಮನವರ ಊರು ಪಾವಗಡ ತಾಲ್ಲೂಕಿನ ಕೃಷ್ಣಾಪುರ. ಪಾವಗಡವು ಮಳೆ ಕಡಮೆಯಾದ ಕಲ್ಲುನೆಲ. ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದಿ ಮೂಳೆ ಬಾಗುವ ಸೀಮೆ. ಎಲ್ಲೆಯ ಬಹುಭಾಗವನ್ನು ಆಂಧ್ರದೇಶದೊಡನೆ ಹಂಚಿಕೊಂಡದ್ದು. ಅಂತಹ ನೆಲದಲ್ಲಿ 1920ರ ಸುಮಾರಿಗೆ ಜನಿಸಿ, ಹನ್ನೆರಡನೆಯ ವಯಸ್ಸಿನಲ್ಲಿ ಅಂಜಿನಪ್ಪನೆಂಬವರನ್ನು ಕೈಹಿಡಿದು, ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳೆತನದಲ್ಲಿಯೇ ಮಣ್ಣಿಗೆ ಕೊಟ್ಟು, ಉಳಿದವರಿಂದ ಇಪ್ಪತ್ತೆರಡು ಮೊಮ್ಮಕ್ಕಳನ್ನು ಕಂಡರು. ನಾಲ್ಕು ಸಲ ಮಡಿಲು ಬರಿದಾದ ತಾಯಿಯು ಮತ್ತೊಬ್ಬಳ ಮಡಿಲನ್ನು ತುಂಬಿಸಲು ಹೋಗುವಾಗ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಗಂಡಸರು ಊಹಿಸಲು ಹೊರಡದಿರುವುದೇ ಲೇಸು.

ಅವರಿಗೆ ವಿದ್ಯೆ ಬಂದದ್ದು ಅಜ್ಜಿಯಿಂದ. ಮರಿಗೆಮ್ಮನೆಂಬ ಆ ಮುದುಕಿಯು ನರಸಮ್ಮನವರ ಹೆರಿಗೆಗಳಲ್ಲಿಯೇ ಐದನ್ನು ಮಾಡಿಸಿದಾಕೆ. ಎಂದರೆ, ಶಿಷ್ಯೆಯು ಗುರುವಿನ ಕೈಚಳಕವನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತದ್ದು ಮಾತ್ರವಲ್ಲ. ತನ್ನ ದೇಹದ ನೋವಿನಲ್ಲಿ ಮಲಗಿ ಕಲಿತಳು. ಯಾವ ಪಾಠಶಾಲೆಯಲ್ಲಿಯೂ ಇಂತಹ ಅಧ್ಯಯನಕ್ರಮವಿಲ್ಲ. 1940ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ನಂಟರಲ್ಲೊಬ್ಬಾಕೆಯ ಹೆರಿಗೆಗೆ ಮೊದಲ ಬಾರಿ ಕೈಹಾಕಿದರು. ಆಮೇಲೆ ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿಗಳಿಂದ ಬಸುರಿಯರಿಗೆ ಕೊಡತಕ್ಕ ಬೇರು ಸೊಪ್ಪುಗಳ ಮದ್ದನ್ನು ಕಲಿತುಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಶಿಶುವಿನ ತಲೆ ಎಲ್ಲಿದೆ, ಅಡ್ಡಲಾಗಿದೆಯೋ ನೆಟ್ಟಗಿದೆಯೋ, ನಾಡಿ ಹೇಗಿದೆ ಎಂಬುದನ್ನು ತಿಳಿಯಬಲ್ಲವರಾದರು. ಇಂದು ಅದನ್ನೇ ಯಂತ್ರದ ಪರದೆಯ ಮೇಲೆ ನೋಡುತ್ತಾರೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಎಪ್ಪತ್ತು ವರ್ಷಗಳ ಕಾಯಕ, ಹದಿನೈದು ಸಾವಿರ ಹೆರಿಗೆ. ವರ್ಷಕ್ಕೆ ಇನ್ನೂರಕ್ಕೂ ಮೇಲಾಯಿತು, ವಾರಕ್ಕೆ ನಾಲ್ಕು. ಹೆರಿಗೆಯೆಂಬುದು ಮುಹೂರ್ತ ನೋಡಿ ಬರುವುದಲ್ಲ. ಬಾಗಿಲು ತಟ್ಟುವುದು ನಡುರಾತ್ರಿಯಲ್ಲಿ. ನಡೆಯಬೇಕಾದದ್ದು ಹೊಲದ ಬದುಗಳ ಮೇಲೆ. ಚೊಚ್ಚಲಾದರೆ ಒಂದು ಹಗಲು ಒಂದು ರಾತ್ರಿ ಅಲ್ಲಿಯೇ ಕಾಯಬೇಕು. ಅದು ಮುಗಿದು ಮನೆಗೆ ಬಂದರೆ ತನ್ನ ಒಲೆ, ತನ್ನ ಕೂಸು, ತನ್ನ ಕೂಲಿ. ಇದಕ್ಕೆ ಅವರು ಹಣವನ್ನು ಪಡೆಯಲಿಲ್ಲ. ಲೋಕದಲ್ಲಿ ಉಚಿತವೆಂಬ ಮಾತನ್ನು ಉಳ್ಳವರು ಆಡಿದರೆ ಅದು ದಾನ. ಇಲ್ಲದವರು ನಡೆಸಿದರೆ ಅದಕ್ಕೆ ಬೇರೆ ಹೆಸರು ಬೇಕು. ಶರಣರು ಆ ಹೆಸರನ್ನು ಕೊಟ್ಟಿದ್ದಾರೆ: ದಾಸೋಹ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ನೆನೆಯಿರಿ. ಕದಿರ ರೆಮ್ಮವ್ವೆಯು ನೂಲು ತೆಗೆದವಳು; ಕೊಟ್ಟಣದ ಸೋಮವ್ವೆಯು ಭತ್ತ ಕುಟ್ಟಿದವಳು; ಸತ್ಯಕ್ಕನು ಅಂಗಳ ಗುಡಿಸಿದವಳು; ಲಕ್ಕಮ್ಮನು ಗಂಡನು ಆಯ್ದು ತಂದ ಅಕ್ಕಿಯಲ್ಲಿ ದಾಸೋಹ ನಡೆಸಿದವಳು. ರಾಟೆ, ಒನಕೆ, ಪೊರಕೆ, ಮೊರ: ಇವೇ ಅವರ ಪೂಜೋಪಕರಣಗಳು. ಈ ಸಾಲಿನಲ್ಲಿ ಸೂಲಗಿತ್ತಿಯ ಕುಡುಗೋಲನ್ನು ಇಟ್ಟರೆ ಯಾವ ಶಾಸ್ತ್ರಕ್ಕೂ ಲೋಪವಾಗದು. ನರಸಮ್ಮನವರು ಇಷ್ಟಲಿಂಗವನ್ನು ಧರಿಸಿದವರಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಿಸುವವರು ತಮ್ಮ ಲಿಂಗಧಾರಣೆಯ ಕ್ರಮವನ್ನೇ ಸ್ವಲ್ಪ ಸ್ಮರಿಸಿಕೊಳ್ಳಲಿ. ಗರ್ಭಿಣಿಗೆ ಎಂಟನೆಯ ತಿಂಗಳಿನಲ್ಲಿ ಗರ್ಭಸ್ಥ ಶಿಶುವಿನ ಸಲುವಾಗಿ ಲಿಂಗವನ್ನು ಕೊಡುವ ಪದ್ಧತಿಯುಂಟು. ಹುಟ್ಟಿದ ಕೂಸಿಗೆ ಗುರುವು ಬಂದು ಲಿಂಗವನ್ನು ಕಟ್ಟುವ ಪದ್ಧತಿಯುಂಟು. ಆದರೆ ಗುರುವಿನ ಹಸ್ತವು ಆ ಶಿಶುವನ್ನು ಮುಟ್ಟುವುದಕ್ಕೆ ಮುಂಚೆ ಮತ್ತೊಂದು ಹಸ್ತವು ಮುಟ್ಟಿರುತ್ತದೆ. ಆ ಕೈಯ ಜಾತಿಯನ್ನು ಕೇಳಿ ಹುಟ್ಟಿದ ಶಿಶು ಇನ್ನೂ ಹುಟ್ಟಬೇಕಾಗಿದೆ.

ಇಲ್ಲಿಯೇ ಪಂಚಸೂತಕಗಳ ಪ್ರಸಕ್ತಿ ಬರುವುದು. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನೂ ಲಿಂಗವಂತನಿಗೆ ಇಲ್ಲವೆಂದು ಶರಣರು ಕಳೆದರು. ಲೋಕವು ಸೂಲಗಿತ್ತಿಯನ್ನು ಹೊರಗಿಟ್ಟದ್ದು ಈ ಐದರಲ್ಲಿ ಮೂರನ್ನು ಒಟ್ಟಿಗೆ ಆಕೆಯ ತಲೆಯ ಮೇಲೆ ಹೊರಿಸಿ. ಹೆರಿಗೆಯ ರಕ್ತವನ್ನು ತೊಳೆಯುವವಳು, ಹೆರಿಗೆಯ ಮನೆಯನ್ನು ಸೇರುವವಳು, ಬಹುತೇಕ ಕೀಳೆನಿಸಿಕೊಂಡ ಕೇರಿಯಿಂದ ಬರುವವಳು. ನಡುರಾತ್ರಿಯಲ್ಲಿ ಕೈಮುಗಿದು ಕರೆದ ಮನೆಯೇ ಬೆಳಗಾದ ಮೇಲೆ ಹಿತ್ತಿಲ ಬಾಗಿಲಿನಿಂದ ಕಳುಹಿಸಿ, ಮೊರದಲ್ಲಿ ಅಕ್ಕಿ, ಎಲೆಯಡಕೆ, ಒಂದು ಹಳೆಯ ಸೀರೆಯನ್ನು ದೂರದಿಂದ ಹಾಕಿದ ಉದಾಹರಣೆಗಳು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಲಿಂಗವಂತರ ಮನೆಗಳಲ್ಲಿ ಇಂತಹದು ನಡೆದೇ ಇಲ್ಲವೆಂದು ಮಠದ ವೇದಿಕೆಯ ಮೇಲೆ ನಿಂತು ಹೇಳುವುದು ಅಸತ್ಯವಾದೀತು. ಸೂತಕವನ್ನು ಗ್ರಂಥದಲ್ಲಿ ಕಳೆದದ್ದು ಒಂದು, ಹೊಸ್ತಿಲಿನಲ್ಲಿ ಕಳೆದದ್ದು ಇನ್ನೊಂದು.

ಈಗ ವ್ಯಾಧಿಯ ವಿಚಾರ.

ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶದಲ್ಲಿ ಗಾಳಿಯಿರುವುದಿಲ್ಲ, ದ್ರವವು ತುಂಬಿರುತ್ತದೆ. ಹೊರಗೆ ಬಂದ ಕ್ಷಣದಲ್ಲಿ ಅದು ತನ್ನ ಎದೆಯನ್ನು ಬಿರಿದು ಗಾಳಿಯನ್ನು ಒಳಗೆಳೆದುಕೊಳ್ಳಬೇಕು. ಆ ಒಂದು ಉಸಿರಿನಿಂದ ಶ್ವಾಸಕೋಶದ ಎಳೆಯ ಚೀಲಗಳು ಅರಳಿ, ದ್ರವವು ಇಂಗಿ, ರಕ್ತದ ಹರಿವಿನ ದಾರಿಯೇ ಬದಲಾಗುತ್ತದೆ. ಅಳದ ಕೂಸನ್ನು ಕಂಡರೆ ಸೂಲಗಿತ್ತಿಯು ಬಾಯೊಳಗಿನ ಲೋಳೆಯನ್ನು ಬೆರಳಿನಿಂದ ತೆಗೆದು, ಬೆನ್ನನ್ನು ಉಜ್ಜಿ, ಅಂಗಾಲನ್ನು ತಟ್ಟಿ, ಆ ಮೊದಲ ಉಸಿರನ್ನು ಕರೆಯುತ್ತಾಳೆ. ಇನ್ನು ಶ್ವಾಸಕೋಶದ ದೀರ್ಘವ್ಯಾಧಿಯು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಸಂಕಟ. ಗಾಳಿಯ ನಾಳಗಳು ಕಿರಿದಾಗಿ, ಚೀಲಗಳು ಬಿಗಿತಪ್ಪಿ, ಒಳಗೆ ಹೋದ ಗಾಳಿಯು ಹೊರಗೆ ಬರಲಾರದೆ ಎದೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕೂಸಿಗೆ ಉಸಿರನ್ನು ತೆಗೆದುಕೊಳ್ಳುವುದು ಕಷ್ಟ. ಮುಪ್ಪಿನ ರೋಗಿಗೆ ಉಸಿರನ್ನು ಬಿಡುವುದು ಕಷ್ಟ. ಈ ಬಗೆಯ ಜಾಡ್ಯವು ಒಂದು ದಿನದಲ್ಲಿ ಬರತಕ್ಕದ್ದಲ್ಲ. ವರ್ಷಾನುವರ್ಷ ಹೊಂಚಿ, ಮೊದಲು ಕೆಮ್ಮಾಗಿ, ಆಮೇಲೆ ದಿಣ್ಣೆ ಹತ್ತುವಾಗಿನ ಏದುಸಿರಾಗಿ, ಕಡೆಗೆ ಕುಳಿತಲ್ಲಿಯೇ ಬಳಲಿಕೆಯಾಗಿ ಬರುವುದು. 2019ರಲ್ಲಿ ಪ್ರಪಂಚದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಇದರಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಬೀಡಿ ಸಿಗರೇಟನ್ನು ಮುಟ್ಟದ ಹಳ್ಳಿಯ ಹೆಂಗಸರಿಗೂ ಇದು ಬರುವುದೇಕೆಂದರೆ, ಸೌದೆಯ ಒಲೆಯ ಹೊಗೆ.

ಸೂಲಗಿತ್ತಿಯ ಕಾಯಕವಾದರೋ ಹೊಗೆಯ ನಡುವಿನ ಕಾಯಕ. ಬಾಣಂತಿಯ ಕೋಣೆಯ ಕಿಟಕಿಯನ್ನು ಗಾಳಿ ತಾಗೀತೆಂದು ಮುಚ್ಚುತ್ತಿದ್ದರು. ಒಳಗೆ ಅಗ್ಗಿಷ್ಟಿಕೆ, ಅದರ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿಯ ಸಿಪ್ಪೆ. ಹಂಡೆಯ ನೀರು ಕಾಯಲು ಹಸಿಸೌದೆ. ಬಾಣಂತಿಯು ಆ ಕೋಣೆಯಲ್ಲಿ ಕೆಲವು ವಾರಗಳಿದ್ದು ಹೊರಬರುತ್ತಾಳೆ. ಸೂಲಗಿತ್ತಿಯು ಅಂತಹ ಒಂದು ಕೋಣೆಯಿಂದ ಹೊರಟು ಇನ್ನೊಂದನ್ನು ಹೊಗುತ್ತಾಳೆ. ಹೀಗೆ ಹಳ್ಳಿಯ ಮುದುಕಿಯರ ಎದೆಯಲ್ಲಿ ಕೂರುವ ಮಸಿಯು ಬಹುಮಟ್ಟಿಗೆ ಇನ್ನೊಬ್ಬರಿಗಾಗಿ ಬೇಯಿಸಿದ, ಕಾಯಿಸಿದ, ಕಾದ ಹೊತ್ತುಗಳ ಮಸಿ. ಅಜ್ಜಿಯು ಕೆಮ್ಮಿದಾಗ ಅದನ್ನು ಮುಪ್ಪಿನ ಸಹಜಲಕ್ಷಣವೆಂದು ತಳ್ಳಿಹಾಕುವ ಮನೆಯವರು ಈ ಮಾತನ್ನು ಗಮನಿಸಬೇಕು. ಮುಪ್ಪಿನಲ್ಲಿ ಕೂದಲು ನರೆಯುವುದು ಸಹಜ. ಎದೆ ಗೊರಗುಟ್ಟುವುದು ಸಹಜವಲ್ಲ. ಅದಕ್ಕೆ ಔಷಧವುಂಟು. ಬೇರಿನಿಂದ ಕಳೆಯಲಾಗದಿದ್ದರೂ ಎಳೆದುಕೊಳ್ಳುವ ಮದ್ದಿನಿಂದ ನಡೆಯುವಷ್ಟು, ಮಾತನಾಡುವಷ್ಟು, ಮೊಮ್ಮಗುವನ್ನು ಎತ್ತಿಕೊಳ್ಳುವಷ್ಟು ಉಸಿರನ್ನು ಉಳಿಸಿಕೊಡಬಹುದು.

ಕೆಲವು ಪ್ರಶಂಸಕರು ಇಂತಹ ತಾಯಂದಿರ ವಿಷಯವಾಗಿ ಹೇಳುವ ಮಾತೊಂದಿದೆ: ರೋಗವನ್ನು ಲೆಕ್ಕಿಸದೆ ದುಡಿದರು, ಮನೋಬಲದಿಂದ ಗೆದ್ದರು, ಇತ್ಯಾದಿ. ಈ ಮಾತು ಕೇಳಲು ಇಂಪು. ಇದರಲ್ಲಿ ಒಂದು ದೋಷವಿದೆ. ಒಲೆಯ ಮೇಲೆ ಒಂದು ಹೊಗೆಗೂಡನ್ನು ಕಟ್ಟಿಸದ ಗಂಡಸು ಒಲೆಯ ಮುಂದೆ ಕೆಮ್ಮುವವಳ ಸಹನೆಯನ್ನು ಕೊಂಡಾಡಿದರೆ ಅದು ಕೊಂಡಾಟವಲ್ಲ. ದೇಹವು ಲಿಂಗಕ್ಕೆ ಆಲಯವೆಂದ ಧರ್ಮದಲ್ಲಿ ಆಲಯವು ಸೋರುವುದನ್ನು ನೋಡಿ ಒಳಗಿರುವವರ ತಾಳ್ಮೆಯನ್ನು ಹೊಗಳುವುದು ಭಕ್ತಿಯಾಗಲಾರದು. ಹಾಗೆಂದು ರೋಗವಿರುವ ದೇಹದಲ್ಲಿ ಪೂರ್ಣಜೀವನವಿಲ್ಲವೆಂದೂ ಅಲ್ಲ. ನರಸಮ್ಮನವರ ತೊಂಬತ್ತೆಂಟು ವರ್ಷಗಳೇ ಅದಕ್ಕೆ ಸಾಕ್ಷಿ. ಬಡತನ, ಹನ್ನೆರಡು ಬಸುರು, ನಾಲ್ಕು ಸಾವು, ನಡೆದು ಸವೆದ ಕಾಲು, ಮಸಿಹಿಡಿದ ಗಾಳಿ, ಇಷ್ಟನ್ನೂ ಹೊತ್ತ ದೇಹದಿಂದಲೇ ಆ ಕಾಯಕವು ನಡೆಯಿತು. ಆರೋಗ್ಯವು ಸರಿಹೋದ ಮೇಲೆ ಬಾಳುವೆನೆಂದು ಅವರು ಬಾಳನ್ನು ಮುಂದಕ್ಕೆ ಹಾಕಿದ್ದರೆ ಪಾವಗಡದ ಎಷ್ಟು ತೊಟ್ಟಿಲುಗಳು ಬರಿದಾಗುತ್ತಿದ್ದುವೋ!

ಬಿರುದುಗಳ ವಿಚಾರವನ್ನು ಬೇಗ ಮುಗಿಸಬಹುದು. 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 2018ರಲ್ಲಿ ಭಾರತ ಸರ್ಕಾರದ ಪದ್ಮಶ್ರೀ. ಇವುಗಳಲ್ಲಿ ಮೊದಲನೆಯದು ಬಂದಾಗ ಅವರಿಗೆ ತೊಂಬತ್ತೆರಡು ವರ್ಷ. ಎಪ್ಪತ್ತು ವರ್ಷ ಸುಮ್ಮನಿದ್ದ ಲೋಕವು ಆರು ವರ್ಷಗಳಲ್ಲಿ ಎಲ್ಲವನ್ನೂ ತಂದು ಸುರಿಯಿತು. ಅಕ್ಷರವನ್ನರಿಯದ ಅಜ್ಜಿಗೆ ವಿಶ್ವವಿದ್ಯಾನಿಲಯವು ಪದವಿ ಕೊಟ್ಟದ್ದು ವಿಶ್ವವಿದ್ಯಾನಿಲಯಕ್ಕೆ ಗೌರವ. ಆ ಮಟ್ಟಿಗೆ ಸಂತೋಷವೇ.

2018ರ ಚಳಿಗಾಲದಲ್ಲಿ ವ್ಯಾಧಿಯು ಉಲ್ಬಣಿಸಿ, ನವೆಂಬರ್ ತಿಂಗಳ ಕೊನೆಯಲ್ಲಿ ಅವರನ್ನು ಕೆಂಗೇರಿಯ ಆಸ್ಪತ್ರೆಗೆ ಸೇರಿಸಲಾಯಿತು. ಆ ಡಿಸೆಂಬರ್ ಮಾಸದ ಆರಂಭದಲ್ಲಿಯೇ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರನ್ನೂ ಚಿಕಿತ್ಸೆಗಾಗಿ ಅದೇ ಆಸ್ಪತ್ರೆಗೆ ಕರೆತಂದಿದ್ದರು; ಬಳಿಕ ಚೆನ್ನೈಗೆ ಕರೆದೊಯ್ದು, 8ನೆಯ ತಾರೀಖಿನಲ್ಲಿ ಅಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆ ದಿನಗಳಲ್ಲಿ ಈ ನಾಡಿನ ಭಕ್ತರ ಕಣ್ಣೆಲ್ಲವೂ ಸಹಜವಾಗಿ ಬುದ್ಧಿಯವರ ಮೇಲಿದ್ದಿತು. ಅದೇ ಜಿಲ್ಲೆಯ ಮತ್ತೊಂದು ಜೀವವು ಅದೇ ಆಸ್ಪತ್ರೆಯಲ್ಲಿ ಉಸಿರಿಗಾಗಿ ಹೋರಾಡುತ್ತಿದ್ದುದನ್ನು ಅರಿತವರು ಕೆಲವರೇ. ಡಿಸೆಂಬರ್ 25ರಂದು ನರಸಮ್ಮನವರು ಕಣ್ಮುಚ್ಚಿದರು. ತಿಂಗಳು ತುಂಬುವ ಮೊದಲೇ, 2019ನೆಯ ಜನವರಿ 21ರಂದು, ಮಹಾಸ್ವಾಮಿಗಳವರು 111 ವರ್ಷದ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಒಂದು ಕೈ ತುಮಕೂರು ಸೀಮೆಯ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡಿತು. ಇನ್ನೊಂದು ಕೈ ಸುಮಾರು ಹತ್ತು ಸಾವಿರ ಮಕ್ಕಳಿಗೆ ಏಕಕಾಲದಲ್ಲಿ ಅನ್ನವನ್ನೂ ಅಕ್ಷರವನ್ನೂ ನೀಡಿತು. ನರಸಮ್ಮನವರ ಕೈಯಲ್ಲಿ ಹುಟ್ಟಿ ಸಿದ್ಧಗಂಗೆಯ ಪಂಕ್ತಿಯಲ್ಲಿ ಉಂಡು ಬೆಳೆದವರೂ ಇದ್ದಿರಬೇಕು.

ಇಷ್ಟನ್ನು ಹೇಳುವಾಗ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಸೂಲಗಿತ್ತಿಯನ್ನು ಕೊಂಡಾಡುವುದೆಂದರೆ ಮನೆಯಲ್ಲಿಯೇ ಹೆರಿಗೆಯಾಗಲಿ, ಆಸ್ಪತ್ರೆ ಬೇಡವೆಂದು ಅರ್ಥವಲ್ಲ. ರಕ್ತಸ್ರಾವವು ನಿಲ್ಲದಿದ್ದರೆ, ನಂಜೇರಿದರೆ, ಬಸುರಿಗೆ ಸೆಳವು ಬಂದರೆ, ಎಂತಹ ಅನುಭವದ ಕೈಯೂ ಸೋಲುತ್ತದೆ. ಹಿಂದೆ ಹಾಗೆ ಸೋತಾಗ ಹೋದ ತಾಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲ. 2008ರ ನವೆಂಬರಿನಿಂದ 108ರ ವಾಹನವು ಈ ರಾಜ್ಯದಲ್ಲಿ ಓಡುತ್ತಿದೆ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97ರಷ್ಟು ಆಸ್ಪತ್ರೆಗಳಲ್ಲಿಯೇ ಆದುವು. ಇದು ಶುಭವಾದ ಬದಲಾವಣೆ. ಸೂಲಗಿತ್ತಿಯ ಕಾಯಕವು ಮುಗಿಯಿತೆಂದು ಮರುಗಬೇಕಾದದ್ದಿಲ್ಲ. ಆ ಕೈಯ ಮಮತೆಯು ಆಸ್ಪತ್ರೆಯ ಕೋಣೆಯವರೆಗೆ ಬಾರದೆ ಉಳಿಯಿತೇ ಎಂಬುದು ಕೇಳತಕ್ಕ ಪ್ರಶ್ನೆ. ಹೆರಿಗೆಯ ನೋವಿನಲ್ಲಿ ಕೂಗುವ ಹುಡುಗಿಯನ್ನು ಗದರುವ ದಾದಿಯೂ ಉಂಟು. ತಲೆ ಸವರುವ ದಾದಿಯೂ ಉಂಟು. ಮರಿಗೆಮ್ಮನ ವಿದ್ಯೆಯು ಎರಡನೆಯವಳಲ್ಲಿ ಇನ್ನೂ ಬದುಕಿದೆ.

ಕಡೆಯದಾಗಿ ಈ ಪ್ರಾಂತದ ಮನೆಗಳ ವಿಚಾರ. ಗಂಡನು ಪೀಣ್ಯದ ಕಾರ್ಖಾನೆಗೆ, ಹೆಂಡತಿಯು ಸಿದ್ಧ ಉಡುಪಿನ ಕಾರ್ಖಾನೆಗೆ ಹೋದ ಮೇಲೆ ಒಂದೇ ಕೋಣೆಯ ಬಾಡಿಗೆಮನೆಯಲ್ಲಿ ಕೂಸನ್ನು ಹಿಡಿದು ಕುಳಿತಿರುವವಳು ಊರಿನಿಂದ ಕರೆಸಿಕೊಂಡ ಅಜ್ಜಿ. ಅವಳ ಎದೆಯಲ್ಲಿ ಹಳೆಯ ಒಲೆಯ ಹೊಗೆ. ಕಿಟಕಿಯಿಂದ ಬರುವುದು ಲೋಹ ಉಜ್ಜುವ ಧೂಳು, ಬಣ್ಣದ ನಾತ. ದುಡಿಯುವ ಮಗನ ಎದೆಗೂ ಅದೇ ಗಾಳಿ. ಅವಳು ಹೊಲಕ್ಕೆ ಹೋಗಲಾರಳು, ಕೊಡವನ್ನು ಹೊರಲಾರಳು. ಆದಕಾರಣ ಕೈಲಾಗದವಳೆಂದು ಮನೆಯವರೂ ತಿಳಿಯುತ್ತಾರೆ, ಅವಳೂ ತಿಳಿಯುತ್ತಾಳೆ. ಆದರೆ ಎರಡು ಸಂಬಳ ಆ ಮನೆಗೆ ಬರುತ್ತಿರುವುದು ಅವಳು ಆ ಕೂಸನ್ನು ಹಿಡಿದು ಕುಳಿತಿರುವುದರಿಂದ. ಇದನ್ನು ಕಾಯಕವೆನ್ನದೆ ಇನ್ನಾವುದನ್ನು ಕಾಯಕವೆನ್ನಬೇಕು? ಅವಳನ್ನು ವರ್ಷಕ್ಕೊಮ್ಮೆಯಾದರೂ ಎದೆಯ ವೈದ್ಯರ ಬಳಿಗೆ ಕರೆದೊಯ್ಯುವುದು, ಎಳೆದುಕೊಳ್ಳುವ ಮದ್ದು ಮುಗಿಯದಂತೆ ನೋಡಿಕೊಳ್ಳುವುದು, ಚಳಿಗಾಲಕ್ಕೆ ಮುಂಚೆ ಜ್ವರದ ಲಸಿಕೆ ಹಾಕಿಸುವುದು, ಮನೆಯೊಳಗೆ ಬೀಡಿಯನ್ನು ಹಚ್ಚದಿರುವುದು, ಇವುಗಳನ್ನು ಮಠಕ್ಕೆ ಸಲ್ಲಿಸುವ ಕಾಣಿಕೆಗಿಂತ ಮೊದಲು ಸಲ್ಲಿಸತಕ್ಕದ್ದು.

ಊರಿನಲ್ಲಿ ಇನ್ನೂ ಹಿರಿಯರಿರುವ ಭಕ್ತರು ಮುಂದಿನ ಹಬ್ಬಕ್ಕೆ ಹೋದಾಗ ಒಂದು ಸಂಗತಿಯನ್ನು ವಿಚಾರಿಸಿಕೊಂಡು ಬರಲಿ: ತಾವು ಹುಟ್ಟಿದ ರಾತ್ರಿ ಯಾರನ್ನು ಕರೆತಂದಿದ್ದರು, ಯಾರ ಮನೆಯವಳು, ಎಷ್ಟು ದೂರ ನಡೆದು ಬಂದಿದ್ದಳು, ಬೆಳಗಾದ ಮೇಲೆ ಯಾವ ಬಾಗಿಲಿನಿಂದ ಹೋದಳು. ಹೆಸರು ಸಿಕ್ಕಿದರೆ ಶ್ರೀಮಠದ ದಾಸೋಹದ ಪುಸ್ತಕದಲ್ಲಿ ತಂದೆತಾಯಿಗಳ ಹೆಸರಿನ ಕೆಳಗೆ ಅದನ್ನೂ ಬರೆಸಬಹುದು.